ಕಿಮೋ ತಂದ ಜೋಮಿಗೆ ಮಾತ್ರೆಯಲ್ಲದ ಮದ್ದು

ಕ್ಯಾನ್ಸರಿಗೆ ಕೊಡುವ ಕಿಮೊಥೆರಪಿ ಔಷಧಗಳಲ್ಲಿ ಕೆಲವು ಗಡ್ಡೆಯ ಜೊತೆಗೆ ಕೈಕಾಲಿನ ನರಗಳನ್ನೂ ಕೆಡಿಸುತ್ತವೆ. ಸಾಮಾನ್ಯವಾಗಿ ಇದು ಕಾಲ್ಬೆರಳ ತುದಿಯ ಜೋಮಿನಿಂದ ಶುರುವಾಗುತ್ತದೆ. ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕೂತಾಗ ಹಿಡಿಯುವ ಜೋಮು ಕಾಲು ಕೊಡವಿದರೆ ಹೋಗುತ್ತದೆ; ಇದು ಹೋಗುವುದಿಲ್ಲ. ವಾರಗಳು ಕಳೆದಂತೆ ಅಂಗಾಲು ಮರಗಟ್ಟುತ್ತದೆ, ಕೈಬೆರಳಿಗೂ ಹಬ್ಬುತ್ತದೆ. ಕೆಲವರಿಗೆ ಉರಿ, ಕೆಲವರಿಗೆ ಸೂಜಿ ಚುಚ್ಚಿದಂಥ ನೋವು, ಇನ್ನು ಕೆಲವರಿಗೆ ಹತ್ತಿಯ ಮೇಲೆ ನಡೆಯುತ್ತಿರುವಂಥ ಭಾಸ. ಅಂಗಿಯ ಗುಂಡಿ, ಸೀರೆಯ ಪಿನ್ನು, ಹೂ ಕಟ್ಟುವ ದಾರ, ಮೊಬೈಲಿನ ಪರದೆ, ಹೀಗೆ ಬೆರಳ ತುದಿಯ ಅರಿವನ್ನೇ ನಂಬಿದ ಕೆಲಸಗಳೆಲ್ಲ ತಡವರಿಸತೊಡಗುತ್ತವೆ. ವೈದ್ಯರು ಇದನ್ನು ಪೆರಿಫೆರಲ್ ನ್ಯೂರೋಪತಿ ಎನ್ನುತ್ತಾರೆ, ಅಂದರೆ ಮಿದುಳು ಮತ್ತು ಬೆನ್ನುಹುರಿಯ ಆಚೆಗಿನ ನರಗಳ ಬೇನೆ.

ಇದು ಅಪರೂಪದ ತೊಂದರೆಯಲ್ಲ. 31 ಅಧ್ಯಯನಗಳ 4,179 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಕಿಮೋ ಮುಗಿದ ಮೊದಲ ತಿಂಗಳಲ್ಲಿ ಶೇ. 68 ಜನರಿಗೆ, ಮೂರು ತಿಂಗಳಲ್ಲಿ ಶೇ. 60 ಜನರಿಗೆ, ಆರು ತಿಂಗಳು ಅಥವಾ ಅದರಾಚೆಗೆ ಶೇ. 30 ಜನರಿಗೆ ಈ ಬೇನೆ ಇತ್ತು. ಕ್ಯಾನ್ಸರಿನಿಂದ ಪಾರಾದ 512 ಮಹಿಳೆಯರನ್ನು ಕುರಿತು 2017ರಲ್ಲಿ ಬಂದ ಅಮೆರಿಕದ ಅಧ್ಯಯನ ಇನ್ನೂ ಗಂಭೀರವಾದುದನ್ನು ಹೇಳಿತು: ಚಿಕಿತ್ಸೆ ಮುಗಿದು ಸರಾಸರಿ ಆರು ವರ್ಷ ಕಳೆದಿದ್ದರೂ ಅವರಲ್ಲಿ ಶೇ. 47 ಮಂದಿಗೆ ಲಕ್ಷಣಗಳು ಉಳಿದಿದ್ದವು, ಅಂಥವರು ಬೀಳುವ ಸಂಭವ ಉಳಿದವರಿಗಿಂತ ಸುಮಾರು 1.8 ಪಟ್ಟು ಹೆಚ್ಚಿತ್ತು. ಕ್ಯಾನ್ಸರ್ ಗೆದ್ದವರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಳ್ಳುವುದು ಇದೇ ಕಾಯಿಲೆಯ ಮುಂದಿನ ಅಧ್ಯಾಯ. ಆದರೂ ಆಸ್ಪತ್ರೆಯ ಕಡತದಲ್ಲಿ ಅದು ಬೇರೆ ವಿಭಾಗದಲ್ಲಿ ದಾಖಲಾಗುತ್ತದೆ.

ನರಕ್ಕೆ ಹಾನಿ ಮಾಡುವ ಔಷಧಗಳು ಮುಖ್ಯವಾಗಿ ನಾಲ್ಕೈದು ಬಗೆಯವು. ಸಿಸ್‌ಪ್ಲಾಟಿನ್, ಆಕ್ಸಾಲಿಪ್ಲಾಟಿನ್‌ಗಳಲ್ಲಿ ಪ್ಲಾಟಿನಂ ಲೋಹವಿದೆ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಮೊದಲು ಸಿಕ್ಕಿದ್ದು ಅಮೆರಿಕದ ಪಶ್ಚಿಮ ಕರಾವಳಿಯ ಯೂ ಮರದ ತೊಗಟೆಯಲ್ಲಿ. ಮಕ್ಕಳ ರಕ್ತ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇಂದಿಗೂ ಬೆನ್ನೆಲುಬಿನಂತಿರುವ ವಿನ್‌ಕ್ರಿಸ್ಟಿನ್ ಬಂದಿದ್ದು ಕರ್ನಾಟಕದ ಮನೆಯಂಗಳಗಳಲ್ಲೂ ದೇವಸ್ಥಾನದ ತೋಟಗಳಲ್ಲೂ ಬೆಳೆಯುವ ನಿತ್ಯಪುಷ್ಪದಿಂದ. ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರಿಗೆ ಕೊಡುವ ಬೋರ್ಟೆಜೊಮಿಬ್, ಥ್ಯಾಲಿಡೊಮೈಡ್‌ಗಳೂ ಈ ಪಟ್ಟಿಯಲ್ಲಿವೆ. ಮೂಲ ಬೇರೆ ಬೇರೆಯಾದರೂ ಪೆಟ್ಟು ಬೀಳುವ ಜಾಗ ಹತ್ತಿರಹತ್ತಿರದ್ದೇ. ಸ್ಪರ್ಶದ ನರಕೋಶದ ಒಡಲು ಬೆನ್ನೆಲುಬಿನ ಪಕ್ಕದ ನರಗಂಟಿನಲ್ಲಿರುತ್ತದೆ. ಅದರ ಎಳೆ ಅಲ್ಲಿಂದ ಕಾಲಿನ ಹೆಬ್ಬೆರಳ ತುದಿಯವರೆಗೆ ಸುಮಾರು ಒಂದು ಮೀಟರ್ ಚಾಚಿಕೊಂಡಿರುತ್ತದೆ. ಮಿದುಳಿಗೆ ರಕ್ತದಿಂದ ಔಷಧ ನುಸುಳದಂತೆ ತಡೆಯುವ ಭದ್ರವಾದ ಗೋಡೆಯಿದೆ. ಈ ನರಗಂಟುಗಳಿಗೆ ಅಂಥ ಕಾವಲಿಲ್ಲ. ಪ್ಲಾಟಿನಂ ಅಲ್ಲಿಗೆ ನುಗ್ಗಿ ಕೋಶದ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್ ಮತ್ತು ವಿನ್‌ಕ್ರಿಸ್ಟಿನ್ ನರದ ಎಳೆಯೊಳಗೆ ಸರಕು ಸಾಗಿಸುವ ಸೂಕ್ಷ್ಮ ಕೊಳವೆಗಳನ್ನು ಕೆಡಿಸುತ್ತವೆ. ಕಾಲುವೆಯ ಬಾಯಿಯಲ್ಲಿ ನೀರು ಕಡಿಮೆಯಾದರೆ ಮೊದಲು ಒಣಗುವುದು ಕೊನೆಯ ಗದ್ದೆ. ಹಾಗೆಯೇ ಅತಿ ಉದ್ದದ ನರದ ತುದಿ, ಅಂದರೆ ಕಾಲ್ಬೆರಳು, ಮೊದಲು ಸೊರಗುತ್ತದೆ. ಕಾಲುಚೀಲ ಮತ್ತು ಕೈಗವಸು ಎಲ್ಲೆಲ್ಲಿ ಮುಚ್ಚುತ್ತವೋ ಅಷ್ಟು ಭಾಗಕ್ಕೆ ಜೋಮು ಹಬ್ಬುವುದು ಇದೇ ಕಾರಣಕ್ಕೆ.

ಪ್ಲಾಟಿನಂ ಔಷಧಗಳದು ಇನ್ನೊಂದು ವಿಚಿತ್ರ. ಕೊನೆಯ ಡ್ರಿಪ್ ಮುಗಿದ ಮೇಲೂ ಕೆಲವು ತಿಂಗಳು ಜೋಮು ಏರುತ್ತಲೇ ಹೋಗಬಹುದು. ಎಂಜಿನ್ ಆರಿಸಿದ ಮೇಲೂ ಇಳಿಜಾರಿನಲ್ಲಿ ಬಸ್ಸು ಉರುಳುತ್ತ ಹೋದಂತೆ. ಇದನ್ನು ಮೊದಲೇ ತಿಳಿಸದಿದ್ದರೆ ರೋಗಿಗೆ ಕ್ಯಾನ್ಸರೇ ಮರಳಿತೆಂಬ ಗಾಬರಿ. ಕೆಟ್ಟ ನರ ಮತ್ತೆ ಬೆಳೆಯುವ ವೇಗವೂ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ. ಆದ್ದರಿಂದ ಒಂದು ವಾರದಲ್ಲಿ ಜೋಮು ಪೂರ್ತಿ ಬಿಡಿಸುತ್ತೇವೆಂದು ಯಾರೇ ಹೇಳಿದರೂ ಲೆಕ್ಕ ಹೊಂದುವುದಿಲ್ಲ.

ಔಷಧದ ಹಾದಿಯಲ್ಲಿ ಸಿಕ್ಕಿರುವುದು ಕಡಿಮೆ. ಡ್ಯುಲೊಕ್ಸೆಟಿನ್ ಎಂಬ ಮಾತ್ರೆಯೊಂದೇ ಸರಿಯಾದ ಪರೀಕ್ಷೆಯಲ್ಲಿ ನಿಂತಿದೆ. 231 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 59 ಮಂದಿಗೆ ನೋವು ಕಡಿಮೆಯಾಯಿತು. ಹುಸಿಮಾತ್ರೆ ನುಂಗಿದವರಲ್ಲೂ ಶೇ. 38 ಮಂದಿಗೆ ಕಡಿಮೆಯಾಯಿತು. ಅದೂ ನೋವಿಗೆ. ನೋವಿಲ್ಲದೆ ಬರೀ ಮರಗಟ್ಟಿದ ಕಾಲಿಗೆ ಅದರಿಂದ ಹೆಚ್ಚಿನ ನಿರೀಕ್ಷೆ ಇಟ್ಟುಕೊಳ್ಳುವಂತಿಲ್ಲ. ನರಕ್ಕೆ ಒಳ್ಳೆಯದೆಂದು ಮಾರಾಟವಾಗುತ್ತಿದ್ದ ಅಸಿಟೈಲ್-ಎಲ್-ಕಾರ್ನಿಟಿನ್ ಎಂಬ ಪೂರಕವನ್ನು ಸ್ತನ ಕ್ಯಾನ್ಸರಿನ 409 ಮಹಿಳೆಯರಲ್ಲಿ ಪರೀಕ್ಷಿಸಿದಾಗ, ಅದನ್ನು ತೆಗೆದುಕೊಂಡವರಿಗೇ ಬೇನೆ ಹೆಚ್ಚಾಗಿತ್ತು. ಆಕ್ಸಾಲಿಪ್ಲಾಟಿನ್ ಜೊತೆ ವರ್ಷಗಟ್ಟಲೆ ಕೊಡುತ್ತಿದ್ದ ಕ್ಯಾಲ್ಸಿಯಂ-ಮೆಗ್ನೀಸಿಯಂ ಡ್ರಿಪ್ ಕೂಡ 2014ರ ದೊಡ್ಡ ಪರೀಕ್ಷೆಯಲ್ಲಿ ನಿಷ್ಪ್ರಯೋಜಕವೆಂದು ಗೊತ್ತಾಯಿತು.

ಮಾತ್ರೆಯಲ್ಲದ ಉಪಾಯಗಳ ಕಡೆ ರೋಗಿಗಳೂ ವೈದ್ಯರೂ ತಿರುಗಿರುವುದು ಈ ಬಡತನದಿಂದಲೇ. ತಿರುಗಬೇಕಾದ್ದು ಸರಿಯೇ. ಆದರೆ ಆ ಹೊರಳುವಿಕೆಯಲ್ಲಿ ಒಂದು ತಪ್ಪು ತರ್ಕ ಸೇರಿಕೊಂಡಿದೆ: ಔಷಧವಲ್ಲದ್ದರಿಂದ ತೊಂದರೆ ಇಲ್ಲ, ಮಾಡಿ ನೋಡಿದರೆ ಏನು ನಷ್ಟ ಎಂಬ ತರ್ಕ. ಪ್ಯಾಕ್ಲಿಟ್ಯಾಕ್ಸೆಲ್ ಪಡೆಯುತ್ತಿದ್ದ 63 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಜೋಮು ಬಾರದಿರಲೆಂದು ಪ್ರತಿವಾರ ವಿದ್ಯುತ್ ಹಾಯಿಸಿದ ಅಕ್ಯುಪಂಕ್ಚರ್, ಇನ್ನೊಂದಕ್ಕೆ ಹುಸಿ ಚಿಕಿತ್ಸೆ ಕೊಟ್ಟು ನೋಡಿದ ಪ್ರಯೋಗವೊಂದು 2016ರಲ್ಲಿ ಪ್ರಕಟವಾಯಿತು. ಅದು ಜೋಮನ್ನು ತಡೆಯಲಿಲ್ಲ. ಕಿಮೋ ಮುಗಿದು ಕೆಲವು ವಾರಗಳಾದ ಮೇಲೆ ನೋಡಿದರೆ ನಿಜವಾದ ಸೂಜಿ ಚುಚ್ಚಿಸಿಕೊಂಡವರ ನೋವೇ ಹುಸಿ ಚಿಕಿತ್ಸೆಯವರ ನೋವಿಗಿಂತ ಹೆಚ್ಚಿತ್ತು. ಸಣ್ಣ ಪ್ರಯೋಗ, ಅದೊಂದರಿಂದ ತೀರ್ಪು ಕೊಡಲಾಗದು. ಆದರೂ ಎಣ್ಣೆ, ಸೂಜಿ, ಮಂಜುಗಡ್ಡೆ, ವ್ಯಾಯಾಮ ಯಾವುದೇ ಆಗಲಿ, ಮಾತ್ರೆಗೆ ಕೇಳುವ ಪ್ರಶ್ನೆಗಳನ್ನೇ ಅದಕ್ಕೂ ಕೇಳಬೇಕು ಎನ್ನುವುದಕ್ಕೆ ಅಷ್ಟು ಸಾಕು. ಕಷಾಯ, ಚೂರ್ಣ, ಅರಿಶಿನದ ಗುಳಿಗೆಗಳನ್ನು ಈ ಗುಂಪಿಗೆ ಸೇರಿಸುವ ವಾಡಿಕೆಯೂ ಇದೆ. ಬಾಯಿಂದ ಒಳಹೋಗಿ ಯಕೃತ್ತಿನಲ್ಲಿ ಕಿಮೋ ಔಷಧದೊಂದಿಗೆ ಸ್ಪರ್ಧೆಗಿಳಿಯಬಲ್ಲ ವಸ್ತು ಯಾವ ಅಂಗಡಿಯಲ್ಲಿ ಸಿಕ್ಕಿದರೂ ಔಷಧವೇ.

ಪ್ರಶ್ನೆಯನ್ನು ಬಿಡಿಸಿ ಕೇಳುವುದೂ ಅಗತ್ಯ. ಜೋಮು ಬಾರದಂತೆ ತಡೆಯುವುದು ಬೇರೆ, ಬಂದ ಜೋಮನ್ನು ಇಳಿಸುವುದು ಬೇರೆ, ಇಳಿಯದ ಜೋಮಿನ ಜೊತೆ ಬೀಳದೆ ಸುಟ್ಟುಕೊಳ್ಳದೆ ಬದುಕುವುದು ಬೇರೆ. ತಡೆಯುವ ಉಪಾಯವನ್ನು ಚಿಕಿತ್ಸೆಯೆಂದು ಮಾರುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ತಡೆಯುವ ಉಪಾಯಗಳಲ್ಲಿ ಅತ್ಯಂತ ಖಚಿತವಾದದ್ದಕ್ಕೆ ಯಾವ ಉಪಕರಣವೂ ಬೇಡ: ನರಕ್ಕೆ ವಿಷವಾಗುವ ಔಷಧವನ್ನೇ ಅಗತ್ಯಕ್ಕಿಂತ ಹೆಚ್ಚು ಕೊಡದಿರುವುದು. ಮೂರನೇ ಹಂತದ ದೊಡ್ಡಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯ ನಂತರ ಆಕ್ಸಾಲಿಪ್ಲಾಟಿನ್ ಸೇರಿದ ಕಿಮೋವನ್ನು ಆರು ತಿಂಗಳು ಕೊಡುವುದು ರೂಢಿಯಾಗಿತ್ತು. 12,834 ರೋಗಿಗಳನ್ನೊಳಗೊಂಡ ಆರು ಪರೀಕ್ಷೆಗಳ ಒಟ್ಟು ಫಲಿತಾಂಶ 2018ರಲ್ಲಿ ಬಂತು. ಆರು ತಿಂಗಳು ಪಡೆದವರಲ್ಲಿ ಶೇ. 45ರಿಂದ 48ರಷ್ಟು ಜನರಿಗೆ ಮಧ್ಯಮ ಅಥವಾ ಅದಕ್ಕೂ ತೀವ್ರವಾದ ನರಬೇನೆ ಬಂದಿದ್ದರೆ, ಮೂರೇ ತಿಂಗಳು ಪಡೆದವರಲ್ಲಿ ಅದು ಶೇ. 14ರಿಂದ 17ರ ಆಸುಪಾಸಿನಲ್ಲಿತ್ತು. ರೋಗ ಮರಳುವ ಅಪಾಯ ಕಡಿಮೆಯಿದ್ದವರಿಗೆ, ಕ್ಯಾಪೆಸಿಟಬಿನ್ ಎಂಬ ಕಿಮೋ ಮಾತ್ರೆಯ ಜೊತೆ ಕೊಟ್ಟಾಗ, ಮೂರು ತಿಂಗಳ ಚಿಕಿತ್ಸೆ ಆರು ತಿಂಗಳಿಗೆ ಸರಿಸಮವಾಗಿತ್ತು. ಎಲ್ಲ ರೋಗಿಗಳಿಗೂ ಈ ಮಾತು ಅನ್ವಯಿಸುವುದಿಲ್ಲ. ಡೋಸು ಇಳಿಸುವುದು, ಅಂತರ ಹೆಚ್ಚಿಸುವುದು, ಔಷಧ ಬದಲಿಸುವುದು ಇವೆಲ್ಲ ಕ್ಯಾನ್ಸರ್ ತಜ್ಞರ ತೀರ್ಮಾನ. ಆದರೆ ಆ ತೀರ್ಮಾನಕ್ಕೆ ಬೇಕಾದ ಮಾಹಿತಿ ಇರುವುದು ರೋಗಿಯ ಬೆರಳ ತುದಿಯಲ್ಲಿ. ಡೋಸು ಕಡಿಮೆ ಮಾಡಿದರೆ ಕ್ಯಾನ್ಸರ್ ಉಳಿದುಬಿಟ್ಟೀತೆಂಬ ಭಯದಿಂದ ಜೋಮನ್ನು ಮುಚ್ಚಿಡುವವರು ಬಹಳ. ಡಾಕ್ಟರು ಕೇಳಿದಾಗ ‘ಪರವಾಗಿಲ್ಲ ಸಾರ್, ತಡ್ಕೋಬಹುದು’ ಎಂಬ ಉತ್ತರದಷ್ಟು ದುಬಾರಿಯಾದದ್ದು ಈ ವಿಷಯದಲ್ಲಿ ಬೇರೊಂದಿಲ್ಲ.

ಉಳಿದ ಉಪಾಯಗಳಲ್ಲಿ ಮೊದಲ ಸ್ಥಾನ ವ್ಯಾಯಾಮಕ್ಕೆ ಸಲ್ಲಬೇಕು. ಆರೋಗ್ಯಕ್ಕೆ ಒಳ್ಳೆಯದೆಂಬ ಸಾಮಾನ್ಯ ಅರ್ಥದಲ್ಲಿ ಅಲ್ಲ. ಜರ್ಮನಿಯಲ್ಲಿ ಲಿಂಫೋಮಾ ಎಂಬ ದುಗ್ಧಗ್ರಂಥಿ ಕ್ಯಾನ್ಸರಿನ 61 ರೋಗಿಗಳಲ್ಲಿ ಒಂದು ಗುಂಪಿಗೆ 36 ವಾರ ಸಮತೋಲನ, ಶಕ್ತಿ ಮತ್ತು ದಮ್ಮಿನ ತರಬೇತಿ ಕೊಟ್ಟ ಪ್ರಯೋಗ 2014ರಲ್ಲಿ ಪ್ರಕಟವಾದಾಗ ಮೊದಲ ಸುಳಿವು ಸಿಕ್ಕಿತು. ಅಮೆರಿಕದಲ್ಲಿ ಕಿಮೋ ಪಡೆಯುತ್ತಿದ್ದ 355 ಜನರಲ್ಲಿ ಒಂದು ಗುಂಪಿಗೆ ಆರು ವಾರ ಮನೆಯಲ್ಲೇ ನಡಿಗೆ ಮತ್ತು ರಬ್ಬರ್ ಪಟ್ಟಿ ಎಳೆಯುವ ವ್ಯಾಯಾಮ ಹೇಳಿಕೊಟ್ಟ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಕೈಕಾಲು ಸುಮ್ಮಸುಮ್ಮನೆ ಬಿಸಿಯಾದಂತೆ, ತಣ್ಣಗಾದಂತೆ ಅನ್ನಿಸುವುದು ಇಳಿದಿತ್ತು. ಜೋಮಿನ ಇಳಿಕೆ ಮಾತ್ರ ಕಾಕತಾಳೀಯವಿರಬಹುದೆಂಬ ಗಡಿಯಲ್ಲೇ ನಿಂತಿತು. ಅತ್ಯಂತ ಗಟ್ಟಿಯಾದ ಸಾಕ್ಷ್ಯ 2024ರದು. ಆಕ್ಸಾಲಿಪ್ಲಾಟಿನ್ ಅಥವಾ ನಿತ್ಯಪುಷ್ಪದ ಕುಲದ ಔಷಧ ಪಡೆಯುತ್ತಿದ್ದ 158 ರೋಗಿಗಳನ್ನು ಮೂರು ಗುಂಪು ಮಾಡಲಾಗಿತ್ತು. ಒಂದು ಗುಂಪಿಗೆ ವಾರಕ್ಕೆ ಎರಡು ಸಲ, 15ರಿಂದ 30 ನಿಮಿಷ, ಅಲುಗುವ ನೆಲೆಯ ಮೇಲೆ ನಿಂತು ಸಮತೋಲನ ಕಾಯ್ದುಕೊಳ್ಳುವ ತರಬೇತಿ. ಇನ್ನೊಂದಕ್ಕೆ ಕಂಪಿಸುವ ಹಲಗೆಯ ಮೇಲೆ ನಿಲ್ಲುವ ತರಬೇತಿ. ಮೂರನೆಯದಕ್ಕೆ ಎಂದಿನ ಆರೈಕೆ. ಎಂದಿನ ಆರೈಕೆಯವರಲ್ಲಿ ಸುಮಾರು ಶೇ. 71 ಮಂದಿಗೆ ನರಬೇನೆ ಬಂದರೆ, ಕಂಪನದ ಗುಂಪಿನಲ್ಲಿ ಶೇ. 41 ಮಂದಿಗೆ, ಸಮತೋಲನದ ಗುಂಪಿನಲ್ಲಿ ಶೇ. 30 ಮಂದಿಗೆ ಮಾತ್ರ ಬಂತು. ಇಷ್ಟು ದೊಡ್ಡ ಅಂತರ ಯಾವುದಾದರೂ ಮಾತ್ರೆಯದಾಗಿದ್ದರೆ ಅದರ ಜಾಹೀರಾತು ಪ್ರತಿ ಕ್ಯಾನ್ಸರ್ ಆಸ್ಪತ್ರೆಯ ಗೋಡೆಯ ಮೇಲಿರುತ್ತಿತ್ತು.

ನಿಂತಿರುವ ಮನುಷ್ಯ ಬೀಳದಿರಲು ಮಿದುಳಿಗೆ ಮೂರು ಕಡೆಯಿಂದ ಸುದ್ದಿ ಬರುತ್ತಿರಬೇಕು: ಕಣ್ಣು, ಒಳಕಿವಿ ಮತ್ತು ಅಂಗಾಲು-ಕೀಲುಗಳು. ಅಂಗಾಲಿನ ಸುದ್ದಿ ಮಸುಕಾದಾಗ ಮಿದುಳು ಉಳಿದ ಸುದ್ದಿಯನ್ನೇ ಹೆಚ್ಚು ಚೆನ್ನಾಗಿ ಓದಲು ಕಲಿಯಬೇಕು. ಆ ಓದು ಅಭ್ಯಾಸದಿಂದ ಬರುತ್ತದೆ, ಮಗು ನಡೆಯಲು ಕಲಿತಂತೆ. ಸಮತೋಲನದ ಅಭ್ಯಾಸ ಪ್ರತಿಸಲವೂ ಅಂಗಾಲಿನ ನರವನ್ನು ಕರೆದು ಮಾತಾಡಿಸುತ್ತದೆ. ವ್ಯಾಯಾಮದಿಂದ ನರಕ್ಕೆ ರಕ್ತದ ಹರಿವು ಹೆಚ್ಚುವುದೂ ಉರಿಯೂತ ಇಳಿಯುವುದೂ ಕಾರಣವಿರಬಹುದು. ಇದರ ವಿರುದ್ಧದ ಆಕ್ಷೇಪವೂ ನ್ಯಾಯವಾದದ್ದೇ: ವ್ಯಾಯಾಮಕ್ಕೆ ಹುಸಿಮಾತ್ರೆಯಂಥ ಹುಸಿರೂಪ ಇಲ್ಲ. ತಾನು ಯಾವ ಗುಂಪಿನಲ್ಲಿದ್ದೇನೆಂದು ರೋಗಿಗೆ ಗೊತ್ತು, ವಾರಕ್ಕೆರಡು ಸಲ ಒಬ್ಬ ತರಬೇತುದಾರ ಅಕ್ಕರೆಯಿಂದ ಮಾತಾಡಿಸುವುದೂ ಜೊತೆಗಿದೆ. ಆದ್ದರಿಂದ ಲಾಭವನ್ನು ಸ್ವಲ್ಪ ತಗ್ಗಿಸಿಯೇ ಲೆಕ್ಕ ಹಾಕುವುದು ಒಳ್ಳೆಯದು. ಹಾಗೆ ತಗ್ಗಿಸಿದ ಮೇಲೂ ಬೀಳುವ ಅಪಾಯ, ಸುಸ್ತು, ನಿದ್ರೆ, ಸ್ನಾಯುಬಲ ಇವುಗಳ ಮೇಲಿನ ಪ್ರಯೋಜನ ಉಳಿಯುತ್ತದೆ. ನಷ್ಟದ ಕಡೆ ಬರೆಯಲು ಹೆಚ್ಚೇನಿಲ್ಲ.

ಮನೆಯಲ್ಲಿ ಇದಕ್ಕೆ ಬೇಕಾದದ್ದು ಒಂದು ಗೋಡೆ, ಒಂದು ಗಟ್ಟಿ ಕುರ್ಚಿ, ಪಕ್ಕದಲ್ಲೊಬ್ಬರು. ಕುರ್ಚಿಯ ಬೆನ್ನು ಹಿಡಿದು ಎರಡೂ ಪಾದ ಕೂಡಿಸಿ ನಿಲ್ಲುವುದು. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನಿಲ್ಲುವುದು. ಒಂಟಿ ಕಾಲಿನಲ್ಲಿ ಹತ್ತು ಎಣಿಸುವುದು. ಆಮೇಲೆ ಹಿಡಿತವನ್ನು ಒಂದೇ ಬೆರಳಿಗಿಳಿಸುವುದು. ಮಡಿಸಿದ ಜಮಖಾನದ ಮೇಲೆ ಅದನ್ನೇ ಮಾಡುವುದು. ನೆಲದ ಮೇಲಿನ ಟವೆಲನ್ನು ಕಾಲ್ಬೆರಳಿನಿಂದ ಮುದುರಿ ಎಳೆಯುವುದು ಪಾದದ ಸಣ್ಣ ಸ್ನಾಯುಗಳಿಗೆ. ಕೈಗೆ ಹಿಟ್ಟು ನಾದುವುದು, ಬಟ್ಟಲಿನ ಅಕ್ಕಿಯಲ್ಲಿ ಅಡಗಿಸಿಟ್ಟ ಗುಂಡಿಯನ್ನು ನೋಡದೆ ಹುಡುಕುವುದು. ಪ್ಲೇಟ್‌ಲೆಟ್ ತೀರ ಇಳಿದಿರುವಾಗ, ಜ್ವರವಿರುವಾಗ, ಎಲುಬಿಗೆ ಕ್ಯಾನ್ಸರ್ ಹಬ್ಬಿರುವಾಗ ಯಾವುದನ್ನು ಎಷ್ಟು ಮಾಡಬೇಕೆಂದು ಫಿಸಿಯೋಥೆರಪಿಸ್ಟರನ್ನು ಕೇಳಿಯೇ ಮುಂದುವರಿಯಬೇಕು.

ಯೋಗ ಈ ಸಾಲಿನಲ್ಲೇ ಬರುತ್ತದೆ. ನ್ಯೂಯಾರ್ಕ್‌ನಲ್ಲಿ ಸ್ತನ ಮತ್ತು ಸ್ತ್ರೀಅಂಗಗಳ ಕ್ಯಾನ್ಸರಿನಿಂದ ಪಾರಾದ 41 ಮಂದಿಯಲ್ಲಿ ಒಂದು ಗುಂಪಿಗೆ ಎಂಟು ವಾರ ಯೋಗ ಮಾಡಿಸಿದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಯೋಗದ ಗುಂಪಿನವರ ನೋವು ಇಳಿದಿತ್ತು, ನಿಂತಲ್ಲಿಂದ ಕೈಚಾಚಿ ಮುಂದೆ ಬಾಗುವಾಗ ಬೀಳದಿರುವ ಶಕ್ತಿ ಹೆಚ್ಚಿತ್ತು. ಸಂಖ್ಯೆ ಚಿಕ್ಕದು. ಬೆಂಗಳೂರು ಬಳಿಯ ಜಿಗಣಿಯ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನ ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಜೊತೆಗೂಡಿ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಯೋಗದ ಪರಿಣಾಮವನ್ನು ಅಳೆದ ಅಧ್ಯಯನ 2014ರಲ್ಲಿ ಹೆಸರಾಂತ ಪತ್ರಿಕೆಯಲ್ಲಿ ಬಂದಿತ್ತು. ಅದು ಅಳೆದದ್ದು ವಿಕಿರಣ ಚಿಕಿತ್ಸೆಯ ಕಾಲದ ಸುಸ್ತು, ಜೀವನದ ಗುಣಮಟ್ಟ ಮತ್ತು ಒತ್ತಡವನ್ನು, ನರದ ಜೋಮನ್ನಲ್ಲ. ಆ ಅಧ್ಯಯನದ ಹೆಸರಿನಲ್ಲಿ ಯೋಗದಿಂದ ನರ ಚಿಗುರುತ್ತದೆ ಎನ್ನುವುದು ಅದಕ್ಕೂ ಯೋಗಕ್ಕೂ ಮಾಡುವ ಅನ್ಯಾಯ. ಗೋಡೆಗೆ ಕೈಕೊಟ್ಟು ಮಾಡುವ ತಾಡಾಸನ, ವೃಕ್ಷಾಸನಗಳು ಸಮತೋಲನದ ತರಬೇತಿಯೇ ಎಂಬ ಕಾರಣಕ್ಕೆ ಅವು ಉಪಯುಕ್ತ. ಮರಗಟ್ಟಿದ ಪಾದದವರಿಗೆ ಬಿರುಸಿನ ಸೂರ್ಯನಮಸ್ಕಾರ ಸಲ್ಲದು.

ತಂಪು ಮತ್ತು ಒತ್ತಡ, ಇವೆರಡು ಡ್ರಿಪ್ ಏರುತ್ತಿರುವ ಹೊತ್ತಿನ ಉಪಾಯಗಳು. ಆ ಒಂದೆರಡು ಗಂಟೆ ಬೆರಳಿನ ರಕ್ತನಾಳಗಳನ್ನು ಸಂಕುಚಿಸಿದರೆ ಅಲ್ಲಿಗೆ ತಲುಪುವ ಔಷಧ ಕಡಿಮೆಯಾಗುತ್ತದೆ ಎಂಬುದು ತರ್ಕ. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಪಡೆಯುತ್ತಿದ್ದ ಮಹಿಳೆಯರಿಗೆ ಒಂದು ಕೈಕಾಲಿಗೆ ಮಾತ್ರ ಹೆಪ್ಪುಗಟ್ಟಿಸಿದ ಗವಸು ತೊಡಿಸಿ, ಇನ್ನೊಂದನ್ನು ಹಾಗೇ ಬಿಟ್ಟು ಹೋಲಿಸಿದರು. ಒಬ್ಬರದೇ ದೇಹದ ಎರಡು ಬದಿ, ಇದಕ್ಕಿಂತ ನ್ಯಾಯವಾದ ಹೋಲಿಕೆ ಸಿಗುವುದು ಕಷ್ಟ. 2018ರಲ್ಲಿ ಪ್ರಕಟವಾದಂತೆ, ಸ್ಪರ್ಶದ ಅರಿವು ಕುಂದಿದ್ದು ತಂಪಿಟ್ಟ ಕೈಯಲ್ಲಿ ಶೇ. 28 ಮಂದಿಗೆ, ತಂಪಿಡದ ಕೈಯಲ್ಲಿ ಶೇ. 81 ಮಂದಿಗೆ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 122 ರೋಗಿಗಳೊಡನೆ ನಡೆದ ಇತ್ತೀಚಿನ ಪರೀಕ್ಷೆಯಲ್ಲಿ ಅಂತರ ಅಷ್ಟು ದೊಡ್ಡದಿರಲಿಲ್ಲ, ಆದರೂ ಸ್ಪಷ್ಟವಿತ್ತು: ಮಧ್ಯಮ ಅಥವಾ ಅದಕ್ಕೂ ತೀವ್ರವಾದ ನರಬೇನೆ ತಂಪಿನಿಂದ ಶೇ. 50 ಇದ್ದದ್ದು 29ಕ್ಕೆ, ಒತ್ತಡದಿಂದ ಶೇ. 38 ಇದ್ದದ್ದು 24ಕ್ಕೆ ಇಳಿಯಿತು. ಒತ್ತಡಕ್ಕೆ ಬಳಸುವ ಸಾಧನ ಶಸ್ತ್ರಚಿಕಿತ್ಸೆಯ ಸಾಮಾನ್ಯ ರಬ್ಬರ್ ಗವಸು. ಜಪಾನಿನ 2016ರ ಪ್ರಯೋಗವೊಂದರಲ್ಲಿ ಕೈ ಅಳತೆಗಿಂತ ಒಂದು ಸೈಜು ಚಿಕ್ಕದಾದ ಎರಡು ಗವಸುಗಳನ್ನು ಒಂದರ ಮೇಲೊಂದು ತೊಡಿಸಿ, ಡ್ರಿಪ್‌ಗೆ ಅರ್ಧ ಗಂಟೆ ಮೊದಲಿನಿಂದ ಮುಗಿದ ಅರ್ಧ ಗಂಟೆಯವರೆಗೆ ಬಿಟ್ಟಿದ್ದರು, ಅಷ್ಟೆ. ಜಿಲ್ಲಾ ಆಸ್ಪತ್ರೆಯಲ್ಲೂ ಸಿಗುವ ವಸ್ತು ಅದು. ತಂಪಿಗಾದರೆ ಫ್ರೀಜರು ಬೇಕು, ಚಳಿ ತಡೆಯಲಾರದೆ ಅರ್ಧಕ್ಕೇ ಕಿತ್ತುಹಾಕುವವರಿದ್ದಾರೆ, ಚರ್ಮ ಹಿಮಕಚ್ಚುವ ಭಯವೂ ಇದೆ.

ಇಲ್ಲಿ ಮರೆಯಲೇಬಾರದ ಎಚ್ಚರಿಕೆಯೊಂದಿದೆ. ಈ ಸಾಕ್ಷ್ಯವೆಲ್ಲ ಪ್ಯಾಕ್ಲಿಟ್ಯಾಕ್ಸೆಲ್ ಕುಲದ ಔಷಧಗಳದು. ಆಕ್ಸಾಲಿಪ್ಲಾಟಿನ್ ಪಡೆಯುವವರಿಗೆ ತಂಪೇ ಶತ್ರು. ಡ್ರಿಪ್ ಆದ ಕೆಲವು ದಿನ ತಣ್ಣೀರು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ಫ್ರಿಜ್ಜಿನ ನೀರು ಕುಡಿದರೆ ಗಂಟಲು ಕಟ್ಟಿದಂತಾಗಿ ಉಸಿರೇ ನಿಂತಂತೆ ಗಾಬರಿಯಾಗುತ್ತದೆ. ಮಡಿಕೇರಿಯ ಡಿಸೆಂಬರ್ ಬೆಳಗಿನಲ್ಲಿ ನಲ್ಲಿ ನೀರಿಗೆ ಕೈಯೊಡ್ಡುವುದೂ ಅವರಿಗೆ ಕಷ್ಟ. ಉಗುರುಬೆಚ್ಚಗಿನ ನೀರು, ಕಾಲುಚೀಲ, ಕೈಗವಸು, ಕುತ್ತಿಗೆಗೊಂದು ಮಫ್ಲರ್: ಇವೇ ಅವರ ಉಪಾಯ. ಪಕ್ಕದ ಹಾಸಿಗೆಯವರು ಮಂಜುಗಡ್ಡೆ ಹಿಡಿದುಕೂತಿದ್ದಾರೆಂದು ತಾನೂ ಹಿಡಿಯುವುದು ತಪ್ಪು ಎನ್ನುವುದನ್ನು ಪ್ರತಿ ಕಿಮೋ ಕೋಣೆಯಲ್ಲಿ ಕನ್ನಡದಲ್ಲಿ ಬರೆದು ಹಾಕಬೇಕು.

ಬಂದ ಜೋಮನ್ನು ಇಳಿಸುವ ಉಪಾಯಗಳಲ್ಲಿ ಅಕ್ಯುಪಂಕ್ಚರಿನ ಸ್ಥಾನ ಮಧ್ಯದಲ್ಲೆಲ್ಲೋ ಇದೆ. ನ್ಯೂಯಾರ್ಕಿನಲ್ಲಿ 75 ಜನರನ್ನು ನಿಜ ಸೂಜಿ, ಹುಸಿ ಸೂಜಿ, ಎಂದಿನ ಆರೈಕೆ ಎಂದು ಮೂರು ಪಾಲು ಮಾಡಿದ 2020ರ ಪ್ರಯೋಗದಲ್ಲಿ ಎಂದಿನ ಆರೈಕೆಗಿಂತ ನಿಜ ಸೂಜಿ ಮೇಲೆಂದು ಕಂಡಿತು. ಹುಸಿ ಸೂಜಿಯವರಿಗೂ ತಕ್ಕಮಟ್ಟಿಗೆ ಹಾಯೆನಿಸಿತ್ತು. ನೋವು ಇಳಿದರೆ ಸಾಕು, ಕಾರಣ ಯಾವುದಾದರೇನು ಎಂದು ರೋಗಿ ಕೇಳಿದರೆ ತಪ್ಪಿಲ್ಲ. ಪ್ರತಿ ಭೇಟಿಗೆ ಹಣ ತೆರಬೇಕಾದವರಿಗೆ ಮಾತ್ರ ಆ ಪ್ರಶ್ನೆಗೆ ಬೆಲೆಯಿದೆ. ಬಿಳಿ ರಕ್ತಕಣ ಇಳಿದಿರುವಾಗ ಶುದ್ಧಿಯಿಲ್ಲದ ಸೂಜಿ ಪ್ರಾಣಾಪಾಯ. ಚರ್ಮದ ಮೇಲಿಂದ ಸಣ್ಣ ವಿದ್ಯುತ್ ಹಾಯಿಸುವ ಟೆನ್ಸ್ ಯಂತ್ರ, ಇಟಲಿಯಲ್ಲಿ ಹುಟ್ಟಿದ ಸ್ಕ್ರ್ಯಾಂಬ್ಲರ್ ಯಂತ್ರಗಳ ಸಾಕ್ಷ್ಯ ಇನ್ನೂ ಹೊಯ್ದಾಡುತ್ತಿದೆ: ಒಂದು ಸಣ್ಣ ಪ್ರಯೋಗ ಹೊಗಳಿದರೆ, ಹುಸಿ ಯಂತ್ರದೊಂದಿಗೆ ಹೋಲಿಸಿದ ಇನ್ನೊಂದರಲ್ಲಿ ವ್ಯತ್ಯಾಸವೇ ಇಲ್ಲ. ಸಾಲ ಮಾಡಿ ಕೊಳ್ಳುವ ವಸ್ತುಗಳಂತೂ ಅಲ್ಲ.

ಎಣ್ಣೆ ತಿಕ್ಕುವುದು ಕರ್ನಾಟಕದ ಮನೆಗಳಲ್ಲಿ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಟರ್ಕಿಯಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಪಡೆಯುತ್ತಿದ್ದ 40 ಮಹಿಳೆಯರ ಪ್ರಯೋಗದಲ್ಲಿ ಮಸಾಜು ಪಡೆದವರಿಗೆ ನರದ ನೋವು ಕಡಿಮೆಯಿತ್ತು. ಹಗುರವಾಗಿ ತಿಕ್ಕಿದರೆ ಹಿತ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವ ಸಂಶಯವಿದ್ದರೆ ಮಾತ್ರ ಬೇಡ. ಅಪಾಯ ಇರುವುದು ಎಣ್ಣೆಯಲ್ಲಲ್ಲ, ಅದರ ಹಿಂದೆಯೇ ಬರುವ ಶಾಖದಲ್ಲಿ. ಮರಗಟ್ಟಿದ ಪಾದಕ್ಕೆ ಬಿಸಿನೀರಿನ ಚೀಲ, ಕಾಯಿಸಿದ ಇಟ್ಟಿಗೆ, ಹಂಡೆಯ ನೀರು ಯಾವುದರ ಬಿಸಿಯೂ ಗೊತ್ತಾಗುವುದಿಲ್ಲ. ಬೊಬ್ಬೆ ಎದ್ದದ್ದು ಕಣ್ಣಿಗೆ ಬಿದ್ದಾಗಲೇ ತಿಳಿಯುವುದು. ನೀರಿನ ಬಿಸಿಯನ್ನು ಮೊಣಕೈಯಿಂದ, ಇಲ್ಲವೇ ಮನೆಯ ಬೇರೊಬ್ಬರ ಕೈಯಿಂದ ನೋಡಬೇಕು.

ಮನಸ್ಸಿನ ಚಿಕಿತ್ಸೆಯ ಮಾತೆತ್ತಿದರೆ, ನೋವು ಬರೀ ಕಲ್ಪನೆ ಎಂದರೆಂದು ರೋಗಿಗಳು ಸಿಟ್ಟಾಗುತ್ತಾರೆ. ನೋವಿನ ಸುದ್ದಿ ನರದಿಂದ ಹೊರಟರೂ ಅದರ ದನಿ ಎಷ್ಟು ಜೋರಾಗಿ ಕೇಳಬೇಕೆಂಬುದನ್ನು ಮಿದುಳು ಭಾಗಶಃ ನಿರ್ಧರಿಸುತ್ತದೆ. ನಿದ್ದೆಗೆಟ್ಟ ರಾತ್ರಿ ಉರಿ ಹೆಚ್ಚುವುದು ಇದಕ್ಕೇ. ಆಲೋಚನೆ-ವರ್ತನೆಗಳನ್ನು ತಿದ್ದುವ ಚಿಕಿತ್ಸೆಯನ್ನು ಅಂತರ್ಜಾಲದ ಮೂಲಕ ಕೊಟ್ಟು 60 ಜನರಲ್ಲಿ ನೋಡಿದ ಸಣ್ಣ ಪ್ರಯೋಗದಲ್ಲಿ ಅತಿಹೆಚ್ಚಿನ ನೋವಿನ ಮಟ್ಟ ಇಳಿದಿತ್ತು.

ಆಹಾರದ ಬಗ್ಗೆ ಹೇಳಬೇಕಾದ್ದು ಎರಡೇ ಮಾತು. ಬಿ12 ಜೀವಸತ್ವದ ಕೊರತೆಯಿಂದಲೂ ಇಂಥದೇ ಜೋಮು ಬರುತ್ತದೆ. ಶುದ್ಧ ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಅದು ಕಡಿಮೆಯಿರುವುದು ಸಾಮಾನ್ಯ. ಕಿಮೋಗೆ ಮೊದಲೇ ರಕ್ತ ಪರೀಕ್ಷೆ ಮಾಡಿ ಕೊರತೆ ತುಂಬಿದರೆ ಒಂದು ಗುದ್ದು ತಪ್ಪಿತು. ಎರಡನೆಯದು ಇದರ ಉಲ್ಟಾ: ನರಕ್ಕೆ ಶಕ್ತಿ ಎಂದು ಬಿ6 ಗುಳಿಗೆಗಳನ್ನು ಹೆಚ್ಚು ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೆ ಅದೇ ನರವನ್ನು ಕೆಡಿಸುತ್ತದೆ.

ಇನ್ನು ಉಳಿದದ್ದು ಇಳಿಯದ ಜೋಮಿನ ಜೊತೆಗಿನ ಬದುಕು. ಇದರ ವಿದ್ಯೆಗಾಗಿ ಭಾರತ ಹೊರಗೆ ನೋಡಬೇಕಾಗಿಲ್ಲ. ಕುಷ್ಠರೋಗದಲ್ಲಿ ಬೆರಳುಗಳು ಕ್ಷಯಿಸುವುದು ರೋಗಾಣು ತಿನ್ನುವುದರಿಂದಲ್ಲ, ನೋವು ಗೊತ್ತಾಗದೆ ಆದ ಗಾಯಗಳಿಂದ ಎಂದು ತೋರಿಸಿಕೊಟ್ಟವರು ವೆಲ್ಲೂರಿನಲ್ಲಿದ್ದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್. ಸ್ಪರ್ಶವಿಲ್ಲದ ಪಾದಕ್ಕೆ ಮೆತ್ತನೆಯ ಎಂಸಿಆರ್ ರಬ್ಬರಿನ ಚಪ್ಪಲಿ, ದಿನಾ ಅಂಗಾಲು ನೋಡಿಕೊಳ್ಳುವ ಅಭ್ಯಾಸ ಇವೆಲ್ಲ ಕುಷ್ಠರೋಗದ ಆಸ್ಪತ್ರೆಗಳಿಂದ ಸಕ್ಕರೆ ಕಾಯಿಲೆಯ ಕ್ಲಿನಿಕ್ಕುಗಳಿಗೆ ಬಂದವು. ಕ್ಯಾನ್ಸರ್ ವಾರ್ಡಿಗೂ ಅವು ಬರಬೇಕಾಗಿದೆ. ಮನೆಯೊಳಗೆ ಬರಿಗಾಲು ಎಂಬ ಸಂಪ್ರದಾಯಕ್ಕೆ ಇವರ ಮಟ್ಟಿಗೆ ವಿನಾಯಿತಿ ಬೇಕು. ಒಳಗೆ ಬಳಸಲೆಂದೇ ಹಿಮ್ಮಡಿಗೆ ಪಟ್ಟಿಯಿರುವ ಒಂದು ಜೊತೆ ಚಪ್ಪಲಿ ಇಟ್ಟುಕೊಂಡರಾಯಿತು. ಮಧ್ಯಾಹ್ನದ ಬಿಸಿಲಿನಲ್ಲಿ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲ ಪ್ರದಕ್ಷಿಣೆ ಬೇಡ, ಬೇಕಾದರೆ ಕಾಲುಚೀಲ ಹಾಕಿಕೊಳ್ಳಬಹುದು. ಗದ್ದೆಗಿಳಿಯುವವರಿಗೆ ಗಮ್‌ಬೂಟು. ಬಚ್ಚಲಿಗೊಂದು ಹಿಡಿಕಂಬಿ, ರಾತ್ರಿ ದೀಪ, ಕುಕ್ಕರುಗಾಲಿನ ಶೌಚಾಲಯಕ್ಕೆ ಮೇಲೊಂದು ಕುರ್ಚಿ. ಪೆಡಲ್ ಒತ್ತಿದ್ದು ಕಾಲಿಗೆ ಗೊತ್ತಾಗದವರು ಬೈಕು, ಕಾರು ಓಡಿಸಬಾರದು.

ವಿನ್‌ಕ್ರಿಸ್ಟಿನ್ ಪಡೆಯುವ ಮಕ್ಕಳ ವಿಷಯ ಬೇರೆ. ಅವರು ಜೋಮೆಂದು ಹೇಳುವುದಿಲ್ಲ, ಎಡವುತ್ತಾರೆ. ಪಾದ ಎತ್ತಲಾಗದೆ ಬೆರಳು ನೆಲಕ್ಕೆ ತಗಲುತ್ತದೆ, ಮೆಟ್ಟಿಲಿಗೆ ಹಟ ಮಾಡುತ್ತಾರೆ; ಮನೆಯವರು ಸೋಮಾರಿತನವೆಂದು ಗದರುತ್ತಾರೆ. ಪಾದವನ್ನು ಎತ್ತಿ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ ಮತ್ತು ದಿನವೂ ಹಿಮ್ಮಡಿಯ ಸ್ನಾಯುರಜ್ಜುವನ್ನು ಹಿಗ್ಗಿಸುವ ವ್ಯಾಯಾಮದಿಂದ ಅವರ ನಡಿಗೆ ಉಳಿಯುತ್ತದೆ.

ಇಷ್ಟೆಲ್ಲಕ್ಕೂ ಮೊದಲು ಬೇನೆ ಬಂದದ್ದು ಗೊತ್ತಾಗಬೇಕು. ಅದಕ್ಕೆ ದೊಡ್ಡ ಯಂತ್ರಗಳೇನೂ ಬೇಡ. ಕಾಲಿನ ಹೆಬ್ಬೆರಳ ಎಲುಬಿನ ಮೇಲಿಟ್ಟು ಕಂಪನ ಗೊತ್ತಾಗುತ್ತದೆಯೇ ಎಂದು ಕೇಳಲು 128 ಹರ್ಟ್ಸ್‌ನ ಒಂದು ಶ್ರುತಿಕವೆ, ಅಂಗಾಲಿಗೆ ಮುಟ್ಟಿಸಲು 10 ಗ್ರಾಮಿನ ಒಂದು ನೈಲಾನ್ ಎಳೆ ಸಾಕು; ಎರಡೂ ನರ್ಸಿನ ಜೇಬಿನಲ್ಲಿ ಹಿಡಿಸುತ್ತವೆ. ಅವೂ ಇಲ್ಲದ ಕಡೆ, ಪ್ರತಿ ಸೈಕಲ್‌ನ ಡ್ರಿಪ್ ಏರಿಸುವ ಮೊದಲು ರೋಗಿಯೇ ಹೇಳಬೇಕು: ಗುಂಡಿ ಹಾಕಿಕೊಳ್ಳಲು ಕಳೆದ ಸಲಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿದೆ, ಚಪ್ಪಲಿ ಕಾಲಿನಿಂದ ಜಾರಿದ್ದು ಗೊತ್ತಾಗಲಿಲ್ಲ ಎಂದು. ಡ್ರಿಪ್ ಏರಿದ ಮೇಲಲ್ಲ, ಮೊದಲು.